ತಾಟು ತೊಳೆದ ನೀರು

ಸ್ವಲ್ಪ ತಾಳಿ, ಇಲಿ ಬರುತ್ತದೆ. ಅದು ಬಂದಮೇಲೆ ಮಿಕ್ಕಿದ್ದೆಲ್ಲ ತಾನಾಗಿ ಓಡುತ್ತದೆ. ಅಲ್ಲಿಯವರೆಗೆ ನಮ್ಮ ಮನೆ ನೋಡುತ್ತಿರಿ. ಹೈದರಾಬಾದಿನ ಒಂದು ಸರ್ಕಾರಿ ಕಾರ್ಖಾನೆಯ ಕ್ವಾರ್ಟರ್ಸು, ಎರಡನೇ ಮಹಡಿ, ಎರಡು ಕೋಣೆ, ಒಬ್ಬರು ನಿಂತರೆ ಇನ್ನೊಬ್ಬರು ಹೊರಗೇ ಇರಬೇಕಾದ ಅಡುಗೆಮನೆ. ಅಪ್ಪ ಆ ಕಾರ್ಖಾನೆಯಲ್ಲಿ ಟರ್ನರ್, ಲೇತಿನ ಮೇಲೆ ಕಬ್ಬಿಣ ಕಡೆಯುವ ಕೆಲಸ. ದಿನವೆಲ್ಲ ಗೇಜ್ ಹಿಡಿದು ಅಳೆದು, ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದ ತುಂಡನ್ನೂ ಬದಿಗೆ ಎಸೆದು ಬರುತ್ತಿದ್ದ ಮನುಷ್ಯ. ಅವ್ವ ಮನೆ ನೋಡಿಕೊಳ್ಳುತ್ತಿದ್ದಳು. ನಾನು ಸುಮಾ, ಒಬ್ಬಳೇ ಮಗಳು, ಆಗ ಹನ್ನೊಂದರವಳು. ನಮ್ಮದು ಕುಷ್ಟಗಿ ಕಡೆಯ ಹಳ್ಳಿ, ಆದರೆ ಅದನ್ನು ಬಾಗಿಲು ಹಾಕಿಕೊಂಡ ಮೇಲಷ್ಟೇ ಒಪ್ಪಿಕೊಳ್ಳುತ್ತಿದ್ದೆವು. ಬಾಗಿಲು ಹಾಕಿದಾಗ ಅವಳು ಅವ್ವ, ತೆರೆದಾಗ ಮಮ್ಮಿ. ಮೆಟ್ಟಿಲ ಮೇಲೆ ತೆಲುಗು, ಅಂಗಡಿಯಲ್ಲಿ ಹಿಂದಿ, ಒಳಗೆ ನಮ್ಮ ಮಾತು. ರೊಟ್ಟಿ ಬಡಿಯುವಾಗ ಅವ್ವ ಕಲ್ಲಿನ ಕೆಳಗೆ ಗೋಣಿಚೀಲ ಮಡಚಿ ಹಾಸಿ, ಅಂಗೈ ಬಿಗಿಹಿಡಿದು, ಕದ್ದವಳ ಹಾಗೆ ಮೆತ್ತಗೆ ತಟ್ಟುತ್ತಿದ್ದಳು. ಕೆಳಗಿನ ಮನೆಯವರು ಒಮ್ಮೆ ಹತ್ತಿ ಬಂದು, ದಿನಾ ಏನು ಕುಟ್ಟುತ್ತೀರಿ ಎಂದು ನಗುತ್ತಲೇ ಕೇಳಿದ್ದರು. ಅವರು ನಕ್ಕಿದ್ದಕ್ಕೇ ಅವ್ವ ಹೆಚ್ಚು ಹೆದರಿದ್ದಳು.

ಇನ್ನು ಊಟ. ಇದನ್ನು ಸರಿಯಾಗಿ ಹೇಳಬೇಕು, ಮುಂದಿನದೆಲ್ಲ ಇದರ ಮೇಲೇ ನಿಂತಿದೆ. ನಮ್ಮಂಥ ಎಷ್ಟೋ ಲಿಂಗಾಯತ ಮನೆಗಳಲ್ಲಿ ಉಂಡಾದ ಮೇಲೆ ತಾಟನ್ನು ಹಾಗೇ ಬಿಟ್ಟು ಏಳುವುದಿಲ್ಲ. ತಾಟಿಗೆ ಸ್ವಲ್ಪ ನೀರು ಹಾಕಿ, ಬೆರಳಿನಿಂದ ಸುತ್ತಲೂ ಒರೆಸಿ, ಅಂಟಿದ ಅಗುಳು, ಸಾರು, ಚಟ್ನಿಯ ಪುಡಿ ಎಲ್ಲವನ್ನೂ ಆ ನೀರಿಗೆ ಬಿಟ್ಟುಕೊಂಡು, ತಾಟು ಎತ್ತಿ ಕುಡಿದುಬಿಡುತ್ತಾರೆ. ಉಣ್ಣುವುದು ಪ್ರಸಾದ, ಅದರ ಒಂದು ಕಣವೂ ಮೋರಿ ಸೇರಬಾರದು. ಅಪ್ಪ ಇದನ್ನು ಮಾಡುವುದನ್ನು ನೋಡಬೇಕಿತ್ತು ನೀವು. ಹಣೆಯ ವಿಭೂತಿ ಇನ್ನೂ ಹಸಿಯಾಗಿರುತ್ತಿತ್ತು. ಲೇತಿನ ಮುಂದೆ ನಿಂತಷ್ಟೇ ಗಮನದಿಂದ ತಾಟನ್ನು ಒಂದು ಸುತ್ತು ತಿರುಗಿಸಿ, ತೋರುಬೆರಳಿನಿಂದ ಅಂಚು ಹಿಡಿದು ಬಂದು, ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಕೆಳಗಿಟ್ಟಾಗ ಆ ಸ್ಟೀಲಿನಲ್ಲಿ ನನ್ನ ಮುಖ ಕಾಣುತ್ತಿತ್ತು. ಅವ್ವ ಒಲೆಯ ಪಕ್ಕ ಕೂತು ಹಾಗೇ ಮಾಡುತ್ತಿದ್ದಳು. ನಾನೂ ಮಾಡುತ್ತಿದ್ದೆ, ಆದರೆ ಮನೆಯಲ್ಲಿ ಮಾತ್ರ. ಶಾಲೆಯಲ್ಲಿ ಡಬ್ಬಿ ಬಿಚ್ಚಿದಾಗ ಬೇಡ, ಮಂದಿ ಮನೆಯಲ್ಲಿ ಬೇಡ. ಇದನ್ನು ಯಾರೂ ಕೂರಿಸಿಕೊಂಡು ಹೇಳಿಕೊಟ್ಟ ನೆನಪಿಲ್ಲ. ಅವ್ವ ಹೊರಗೆ ಹೋದಾಗ ಹೇಗೆ ಉಣ್ಣುತ್ತಾಳೆಂದು ನೋಡಿ ನೋಡಿ ಕಲಿತದ್ದು.

ಈಗ ಇಲಿ. ಅಪ್ಪ ಕೋಠಿ ಬಜಾರಿನ ಫುಟ್‌ಪಾತಿನಿಂದ ಹಳೆಯ ಕಾರ್ಟೂನುಗಳ ಒಂದು ಸೀಡಿ ತಂದಿದ್ದ. ಅದರಲ್ಲಿ ಒಂದು, ಹಳ್ಳಿಯ ಇಲಿ ಪಟ್ಟಣದ ಬಂಧುವಿನ ಮನೆಗೆ ಬರುವುದು. ಮಾತೇ ಇಲ್ಲ, ಬರೀ ವಾದ್ಯ. ಪಟ್ಟಣದ ಇಲಿ ತುಟಿಯ ಮೇಲೆ ಬೆರಳಿಟ್ಟು, ಸಪ್ಪಳ ಮಾಡಬೇಡ ಎಂದು ಹೇಳುತ್ತಲೇ ಇರುತ್ತದೆ, ಹಳ್ಳಿಯದು ಮೇಜಿನ ಮೇಲೆ ಬಾಯಿ ಚಪ್ಪರಿಸುತ್ತಲೇ ಇರುತ್ತದೆ, ಕೊನೆಗೆ ರಸ್ತೆಯ ಗಾಡಿಗಳಿಗೆ ಹೆದರಿ ಊರಿಗೆ ಓಟ ಕೀಳುತ್ತದೆ. ನಾನು ಅದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ. ನಿಲ್ಲಿಸಿ, ಒಂದೊಂದೇ ಚಿತ್ರ ಮುಂದೆ ಸರಿಸಿ, ಕಾಲು ಎಲ್ಲಿ ಎತ್ತುತ್ತದೆ, ಬೆನ್ನು ಎಲ್ಲಿ ಬಾಗುತ್ತದೆ ಎಂದು ನೋಡಿ, ನೋಟುಬುಕ್ಕಿನ ಮೂಲೆಯಲ್ಲಿ ಪುಟಪುಟಕ್ಕೂ ಬರೆದು, ಹೆಬ್ಬೆರಳಿನಿಂದ ಸರ್ರನೆ ಬಿಟ್ಟರೆ ಇಲಿ ಓಡಬೇಕು. ಓಡುತ್ತಿತ್ತು ಕೂಡ. ಇವತ್ತು ಹೀಗೆ ಚಿತ್ರ ಬರೆದು ಓಡಿಸುವುದೇ ನನ್ನ ಹೊಟ್ಟೆಪಾಡು. ಯಾವ ಕಾಲೇಜಿಗೂ ಹೋಗಿ ಕಲಿತದ್ದಲ್ಲ, ಆ ಸೀಡಿ ಮತ್ತು ಆ ಮೂಲೆಗಳು ಕಲಿಸಿದ್ದು. ಇದನ್ನು ಹೆಮ್ಮೆಯಿಂದ ಎಲ್ಲ ಕಡೆ ಹೇಳಿಕೊಂಡಿದ್ದೇನೆ. ಹೇಳದೆ ಬಿಟ್ಟದ್ದು ಒಂದಿದೆ, ಅದಕ್ಕಾಗಿಯೇ ಈ ಬರಹ.

ಆ ಬೇಸಿಗೆಯಲ್ಲಿ ಶರಣವ್ವ, ನಮ್ಮ ಬಾಯಲ್ಲಿ ಶರಣಿ, ಬಂದಳು. ಅವ್ವನ ಅಣ್ಣನ ಮಗಳು, ಹದಿಮೂರು ವರ್ಷ. ಅವರ ಊರಿನಲ್ಲಿ ಶಾಲೆ ಏಳಕ್ಕೆ ಮುಗಿಯುತ್ತಿತ್ತು. ಮುಂದೆ ಓದಬೇಕೆಂದರೆ ನಮ್ಮಲ್ಲಿ ಇರಬೇಕು, ಇಲ್ಲವೆಂದರೆ ಹೊಲ, ಆಮೇಲೆ ಗಂಡನ ಮನೆ. ಅದು ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು. ರಾಯಚೂರಿನ ಬಸ್ಸಿಳಿದು ತಲೆಯ ಮೇಲೆ ರೊಟ್ಟಿಯ ಬುಟ್ಟಿ ಹೊತ್ತು ಎರಡು ಮಹಡಿ ಹತ್ತಿ ಬಂದವಳು, ಹೊಸಿಲಲ್ಲೇ ನಿಂತು ಇಡೀ ಬಿಲ್ಡಿಂಗಿಗೆ ಕೇಳುವ ಹಾಗೆ ಕೂಗಿದಳು.

"ಅತ್ತೀ! ನಾ ಬಂದೀನಬೇ! ಎಷ್ಟ್ ಮೆಟ್ಟಲಾ ಯವ್ವಾ, ಗುಡ್ಡ ಹತ್ತಿಧಂಗ ಆತು!"

"ಸಾವಕಾಶ ಮಾತಾಡವಾ," ಎಂದಳು ಅವ್ವ, ಮೊದಲು ಬಾಗಿಲು ಹಾಕಿ, ಆಮೇಲೆ ಅವಳ ಬುಟ್ಟಿ ಇಳಿಸಿಕೊಂಡು.

ಮರುದಿನ ಶರಣಿ ರೊಟ್ಟಿಗೆ ಕೂತಳು. ಗೋಣಿಚೀಲವನ್ನು ಇದೇನು ಕಸ ಎಂದು ತೆಗೆದು ಬದಿಗೆ ಎಸೆದಳು. ಬಡಿದಳು ನೋಡಿ, ಮನೆಯ ಕಿಟಕಿ ಗಾಜುಗಳು ಅದಕ್ಕೆ ತಾಳ ಹಾಕಿದವು. ಅವ್ವ ಓಡಿಬಂದಳು.

"ಹುಡುಗೀ, ಕೆಳಗಿನ ಮನಿಯವ್ರು ಮ್ಯಾಲ ಬರ್ತಾರ!"

"ಬರ್ಲಿ ಬಿಡಬೇ ಅತ್ತಿ. ಬಿಸಿ ರೊಟ್ಟಿ ಬೆಣ್ಣಿ ಕೊಡೂಣು."

ಅಪ್ಪ ಡ್ಯೂಟಿಗೆ ಹೊರಟವನು ಶೂ ಬಿಚ್ಚಿ ವಾಪಸ್ ಬಂದು ಅಡುಗೆಮನೆಯ ಬಾಗಿಲಿಗೆ ಕೂತುಬಿಟ್ಟ.

"ಬಡಿಯವಾ, ಬಡಿ. ಹತ್ತ್ ವರ್ಷ ಆತು ಈ ಸಪ್ಪಳ ಕೇಳಿ."

ನಾನು ಆ ಬಾಗಿಲಲ್ಲಿ ಅಪ್ಪನ ಹಿಂದೆ ನಿಂತಿದ್ದೆ. ಅಪ್ಪ ತಿರುಗಿ ನೋಡಲಿಲ್ಲ. ನನಗೆ ಶರಣಿಯ ಮೇಲೆ ಹೊಟ್ಟೆಕಿಚ್ಚು ಶುರುವಾದದ್ದು ಅವತ್ತೇ.

ಅದು ದೊಡ್ಡದಾದದ್ದು ಇಲಿಯಿಂದ. ನಾನು ಅವಳಿಗೆ ಸೀಡಿ ಹಾಕಿ ತೋರಿಸಿದೆ. ಹಳ್ಳಿಯವಳು, ಬಾಯಿ ತೆರೆದು ನೋಡುತ್ತಾಳೆ, ಆಮೇಲೆ ನನ್ನ ನೋಟುಬುಕ್ಕು ತೋರಿಸಿದರೆ ಬಿದ್ದೇ ಹೋಗುತ್ತಾಳೆ ಎಂದುಕೊಂಡಿದ್ದೆ. ಅವಳು ನೋಡಿದಳು, ನಕ್ಕಳು. ನನ್ನ ಪುಟಗಳನ್ನು ಹೆಬ್ಬೆರಳಿನಿಂದ ಎರಡು ಸಲ ಬಿಟ್ಟಳು. ಆಮೇಲೆ ತಲೆ ಅಲ್ಲಾಡಿಸಿದಳು.

"ಚಂದ ಐತಿ ಸುಮಾ. ಆದ್ರ ಇಲಿ ಹಿಂಗ ಓಡೂದಿಲ್ಲ."

"ಮತ್ತ ಹೆಂಗ ಓಡ್ತೈತಿ?"

"ನೀ ಬಾಲ ನೆಲಕ್ಕ ಎಳದೀದಿ. ಓಡೂ ಮುಂದ ಅದು ಬಾಲ ಎತ್ತತೈತಿ, ಹಿಂದ ನೆಟ್ಟಗ ಹಿಡೀತೈತಿ. ಮತ್ತ ಓಡೂಕಿಂತ ಮೊದಲ ಒಂದೀಟು ನಿಂದರ್ತೈತಿ. ನೆಲದಾಗಿನ ನಮ್ಮ ಜೋಳದ ಹಗೇವು ತಗದಾಗ ನೋಡೀನಿ ನಾ."

ಅಪ್ಪ ಪೇಪರು ಕೆಳಗಿಟ್ಟು ಎದ್ದು ಬಂದ. ನನ್ನ ನೋಟುಬುಕ್ಕು ತೆಗೆದುಕೊಂಡು, ಕಾರ್ಖಾನೆಯ ತುಂಡು ನೋಡುವ ಹಾಗೆ ಕಣ್ಣಿನ ಹತ್ತಿರ ಹಿಡಿದು ನೋಡಿದ.

"ಖರೆ ಐತಲ್ಲಾ! ಕಣ್ಣಂದ್ರ ಇವು ನೋಡು. ಸುಮಾ, ಕಲಿ ಆಕಿ ಕಡಿಂದ."

ತಿಂಗಳುಗಟ್ಟಲೆ ನಾನು ಬರೆದದ್ದನ್ನು ಅಪ್ಪ ನೋಡಿ ನೋಡಿ ಭೇಷ್ ಎಂದಿದ್ದ. ಅವತ್ತು ಗೇಜ್ ಹಿಡಿದು ಬದಿಗೆ ಎಸೆದ. ಮರುದಿನದಿಂದ ನಾನು ಶರಣಿಯನ್ನು ಊರ ಇಲಿ ಎಂದು ಕರೆಯತೊಡಗಿದೆ. ಕಾಲೊನಿಯ ಹುಡುಗಿಯರಿಗೂ ಕಲಿಸಿದೆ. ಅವಳು ನೀರು ತರಲು ಕೆಳಗಿಳಿದರೆ ಮೂರೂ ಮಹಡಿಯ ಬಾಲ್ಕನಿಯಿಂದ ಕಿಚಕಿಚ ಎಂದು ಕೂಗುತ್ತಿದ್ದರು. ಶರಣಿ ಮೊದಲು ಮೂಗಿನ ಮುಂದೆ ಎರಡು ಕೈ ಇಟ್ಟು ಅವರಿಗೇ ಕಿಚಕಿಚ ಎಂದಳು. ಒಂದು ವಾರದ ಮೇಲೆ ತಲೆ ಬಗ್ಗಿಸಿಕೊಂಡು ಬರತೊಡಗಿದಳು. ಅದು ನೋಡಿ ನನಗೆ ಕೆಲಸ ಸರಿಯಾಗಿ ನಡೆಯುತ್ತಿದೆ ಅನಿಸಿತು. ಇದನ್ನು ಮೃದು ಮಾಡಿ ಹೇಳಲು ನನಗೆ ಬರುವುದಿಲ್ಲ.

ಅವಳ ಶಾಲೆಯ ವಿಷಯ ಒಬ್ಬರ ಕೈಯಲ್ಲಿತ್ತು. ಅಪ್ಪನ ಜೊತೆ ಕಾರ್ಖಾನೆಯಲ್ಲಿದ್ದ ಕಿರಣ್ ಅಂಕಲ್ ಕೆಲಸ ಬಿಟ್ಟು ಕಂಪ್ಯೂಟರ್ ಕಂಪನಿ ಸೇರಿದ್ದರು. ಆಗ ಹಾಗೆ ಬಿಟ್ಟು ಹೋಗುವುದೇ ಒಂದು ಜ್ವರ. ವಾರಕ್ಕೊಂದು ಮನೆಯವರು ಕ್ವಾರ್ಟರ್ಸ್ ಬಿಟ್ಟು ಊರಾಚೆಯ ಕೊಂಡಾಪುರದ ಕಡೆ ಫ್ಲಾಟು ನೋಡಲು ಹೋಗುತ್ತಿದ್ದರು, ಅವ್ವ ಅವರ ಕರ್ಟನ್ನಿನ ಬಣ್ಣದವರೆಗೆ ವಿಚಾರಿಸಿಕೊಂಡು ಬಂದು ಅಪ್ಪನ ಮುಂದೆ ನಿಟ್ಟುಸಿರು ಬಿಡುತ್ತಿದ್ದಳು. ಕಿರಣ್ ಅಂಕಲ್ ಹೆಂಡತಿ, ನಾವು ಬರೀ ಮೇಡಂ ಎನ್ನುತ್ತಿದ್ದೆವು, ನನ್ನ ಶಾಲೆಯಲ್ಲಿ ಸೇರಿಸಿಕೊಳ್ಳುವ ಕೆಲಸ ನೋಡುವವರು. ಕನ್ನಡ ಶಾಲೆಯ ಹುಡುಗಿಯನ್ನು ಎಂಟನೇ ಕ್ಲಾಸಿಗೆ ಪರೀಕ್ಷೆಗೆ ಕೂರಿಸಬೇಕೋ ಬೇಡವೋ ಅವರೇ ಹೇಳಬೇಕು. ಭಾನುವಾರ ಹೊಸ ಫ್ಲಾಟಿನ ಊಟಕ್ಕೆ ಬನ್ನಿ, ಹುಡುಗಿಯನ್ನೂ ಕರೆದುಕೊಂಡು ಬನ್ನಿ, ನೋಡುತ್ತೇನೆ ಎಂದಿದ್ದರು. ಬುಧವಾರದೊಳಗೆ ಫೋನ್ ಬಂದರೆ ಶರಣಿ ಉಳಿದಳು. ಬರದಿದ್ದರೆ ಶನಿವಾರದ ಬಸ್ಸಿಗೆ ಊರು. ಶರಣಿ ಇಂಗ್ಲಿಷಿನಲ್ಲಿ ತನ್ನ ಹೆಸರು, ಅಪ್ಪನ ಹೆಸರು, ಹಸುವಿನ ಮೇಲೆ ಐದು ವಾಕ್ಯ ಬಾಯಿಪಾಠ ಮಾಡಿಕೊಂಡು ಪಾತ್ರೆ ತಿಕ್ಕುತ್ತ ಹೇಳುತ್ತಿದ್ದಳು. ರಾತ್ರಿಯೆಲ್ಲ, ಹಗಲೆಲ್ಲ ಅದೇ.

ಊಟದ ರೀತಿ ಕಲಿಸುವ ಕೆಲಸ ಅವ್ವ ನನಗೆ ಕೊಟ್ಟಳು. ನಾನು ಇಲಿಯ ಸೀಡಿಯಿಂದಲೇ ಪಾಠ ಮಾಡಿದೆ. ನಾನು ತುಟಿಯ ಮೇಲೆ ಬೆರಳಿಟ್ಟರೆ ಮಾಡುತ್ತಿರುವುದನ್ನು ನಿಲ್ಲಿಸಬೇಕು. ತಲೆ ಆಡಿಸಿದರೆ ಮಾಡಬಹುದು. ಜೋರಾಗಿ ತೇಗಿದರೆ ಬೆರಳು, ಸುರ್ರನೆ ಸಾರು ಎಳೆದರೆ ಬೆರಳು. ನಾಲ್ಕು ದಿನದಲ್ಲಿ ಅವಳು ಎಷ್ಟು ಪಳಗಿದಳೆಂದರೆ, ನನ್ನ ಕೈ ಮೇಲಕ್ಕೆ ಹೋದರೆ ಸಾಕು, ಬಾಯಲ್ಲಿಟ್ಟ ತುತ್ತು ಅಲ್ಲೇ ನಿಲ್ಲುತ್ತಿತ್ತು. ಹೊರಡುವ ಮುಂಚೆ ನನ್ನ ಹಳೆಯ ಗುಲಾಬಿ ಫ್ರಾಕು ಹಾಕಿಕೊಂಡು, ತೋಳು ಬಿಗಿಯಾಗಿ, ನನ್ನ ಹತ್ತಿರ ಬಂದು ಕೇಳಿದಳು.

"ಸುಮಾ, ಅಲ್ಲಿ ತಾಟ ತೊಳಕೊಂಡು ಕುಡೀಬೇಕೋ, ಬ್ಯಾಡೋ?"

"ಅಲ್ಲೇ ಹೇಳ್ತೀನಿ."

"ಮರೀಬ್ಯಾಡವಾ ಮತ್ತ. ನಾ ನಿನ್ನ ಮಾರಿನೇ ನೋಡ್ಕೋತ ಕುಂದರ್ತೀನಿ."

ಕೊಂಡಾಪುರದಲ್ಲಿ ಆಗಿನ್ನೂ ಬಂಡೆ ಒಡೆಯುವ ಸದ್ದು. ಅರ್ಧ ಕಟ್ಟಿದ ಬಿಲ್ಡಿಂಗುಗಳ ನಡುವೆ ಇವರದು ಪೂರ್ತಿಯಾಗಿ ಹೊಳೆಯುತ್ತಿತ್ತು. ಲಿಫ್ಟಿನಲ್ಲಿ ಶರಣಿ ನನ್ನ ಕೈ ಹಿಡಿದಳು, ನಾನು ಬಿಡಿಸಿಕೊಂಡೆ. ಒಳಗೆ ಅಂಕಲ್ ಆಫೀಸಿನ ಆರೇಳು ಜನ, ಅವರ ಹೆಂಡಂದಿರು, ಗಾಜಿನ ಮೇಜು, ಬಿಳೀ ಪಿಂಗಾಣಿ ತಟ್ಟೆಗಳು. ಮೇಡಂ ಶರಣಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಂಗ್ಲಿಷಿನಲ್ಲಿ ಹೆಸರು ಕೇಳಿದರು, ಹೇಳಿದಳು. ಅಪ್ಪನ ಹೆಸರು, ಹೇಳಿದಳು. ಹಸುವನ್ನು ಅವರು ಕೇಳದಿದ್ದರೂ ಐದೂ ವಾಕ್ಯ ಒಂದೇ ಉಸಿರಿಗೆ ಹೇಳಿಬಿಟ್ಟಳು. ಮೇಡಂ ಮನಸಾರೆ ನಕ್ಕು ಅವಳ ಬೆನ್ನು ತಟ್ಟಿದರು. ಅವ್ವ ಅಪ್ಪನ ಕಡೆ ನೋಡಿದಳು. ಅಪ್ಪ ಮೀಸೆಯೊಳಗೇ ನಗುತ್ತಿದ್ದ, ಆ ನಗೆ ಪೂರ್ತಿ ಶರಣಿಯದಾಗಿತ್ತು. ಅವಳು ಇನ್ನು ನಮ್ಮ ಮನೆಯಲ್ಲೇ ಇರುತ್ತಾಳೆ, ವರ್ಷಗಟ್ಟಲೆ ಇರುತ್ತಾಳೆ ಎಂದು ನನಗೆ ಅಷ್ಟು ಹೊತ್ತಿಗೆ ಖಾತ್ರಿಯಾಯಿತು.

ಊಟ ಚೆನ್ನಾಗಿ ನಡೆಯಿತು. ಸಪ್ಪಳವಿಲ್ಲ, ತೇಗಿಲ್ಲ. ಒಂದು ಸಲವೂ ನಾನು ಬೆರಳೆತ್ತಬೇಕಾಗಲಿಲ್ಲ. ಶರಣಿ ಕೊನೆಯ ತುತ್ತು ನುಂಗಿ, ನೀರಿನ ಗ್ಲಾಸು ಎತ್ತಿ, ತಟ್ಟೆಯ ಮೇಲೆ ಹಿಡಿದು ನನ್ನನ್ನು ನೋಡಿದಳು. ಎಷ್ಟು ಹೊತ್ತು? ಒಂದು ಉಸಿರಿನಷ್ಟು ಇರಬಹುದು. ಗ್ಲಾಸು ಬಾಗಿತ್ತು, ನೀರು ಅಂಚಿಗೆ ಬಂದು ನಿಂತಿತ್ತು, ಅವಳ ಹುಬ್ಬು ಸ್ವಲ್ಪ ಮೇಲೆ ಹೋಗಿತ್ತು. ಚಲನೆಗೆ ಮೊದಲು ಒಂದೀಟು ನಿಲ್ಲುತ್ತದೆ ಎಂದು ಅವಳೇ ಹೇಳಿದ್ದಳಲ್ಲ, ಅದು. ನನ್ನ ಬಲಗೈ ತೊಡೆಯ ಮೇಲಿತ್ತು. ಅದನ್ನು ಅಲ್ಲೇ ಬಿಟ್ಟೆ. ತಲೆ ಆಡಿಸಿದೆ.

ಅವಳು ನೀರು ಹಾಕಿದಳು. ಬೆರಳಿನಿಂದ ಒರೆಸಿದಳು, ಅಪ್ಪನ ಹಾಗೇ, ಅಂಚು ಹಿಡಿದು ಒಂದು ಸುತ್ತು. ಆದರೆ ಅದು ಏರಿದ ಅಂಚಿನ ಸ್ಟೀಲಿನ ತಾಟಲ್ಲ, ಚಪ್ಪಟೆ ಪಿಂಗಾಣಿ. ಎತ್ತಿದ ಕೂಡಲೇ ನೀರು ಎರಡೂ ಕಡೆಯಿಂದ ಇಳಿದು, ಗದ್ದದ ಮೇಲೆ, ಗುಲಾಬಿ ಫ್ರಾಕಿನ ಮೇಲೆ, ಹಳದಿಯಾಗಿ ಹರಿಯಿತು. ಅವಳು ಬಿಡಲಿಲ್ಲ, ಚೆಲ್ಲಿದ್ದು ಸಾಕು, ಉಳಿದದ್ದಾದರೂ ಒಳಗೆ ಹೋಗಲಿ ಎಂದು ಸುರ್ರನೆ ಎಳೆದು ಮುಗಿಸಿದಳು. ಒಂದು ಮಗು ಛೀ ಎಂದಿತು. ಆಫೀಸಿನವರೊಬ್ಬರು ಎರಡು ಸಲ ಚಪ್ಪಾಳೆ ತಟ್ಟಿ, ಡಿಶ್‌ವಾಷರ್ ಬೇಕಿಲ್ಲ ಕಿರಣ್ ನಿಮಗೆ ಎಂದರು, ಎಲ್ಲರೂ ಕಣ್ಣಲ್ಲಿ ನೀರು ಬರುವ ಹಾಗೆ ನಕ್ಕರು. ಶರಣಿಯೂ ನಕ್ಕಳು, ಯಾಕೆಂದು ಗೊತ್ತಿಲ್ಲದೆ, ಎಲ್ಲರ ಮುಖ ನೋಡುತ್ತ. ಆಗ ಅವ್ವ ಮೇಡಂ ಕಡೆ ತಿರುಗಿ ತೆಲುಗಿನಲ್ಲಿ ಹೇಳಿದಳು.

"ಮಾ ಇಂಟ್ಲೋ ಇಲಾ ಚೇಯಮಂಡಿ."

ನಾನು ಅಪ್ಪನನ್ನು ನೋಡಿದೆ. ಅವನ ಊಟ ಮುಗಿಯುತ್ತ ಬಂದಿತ್ತು, ತಟ್ಟೆಯಲ್ಲಿ ಒಂದು ಹಿಡಿ ಮೊಸರನ್ನ ಮಾತ್ರ ಉಳಿದಿತ್ತು. ಅವನು ಕೈಯಲ್ಲಿದ್ದ ಗ್ಲಾಸನ್ನು ಮೆಲ್ಲಗೆ ಕೆಳಗಿಟ್ಟ. ಆ ಒಂದು ಹಿಡಿಯನ್ನು ತಟ್ಟೆಯ ಬದಿಗೆ ಸರಿಸಿದ. ಎದ್ದು ಕೈ ತೊಳೆಯಲು ಹೋದ. ಹುಟ್ಟಿದಾಗಿನಿಂದ ನಾನು ಅಪ್ಪ ಅನ್ನ ಬಿಟ್ಟು ಎದ್ದದ್ದನ್ನು ನೋಡಿರಲಿಲ್ಲ.

ವಾಪಸ್ ಬರುವ ಬಸ್ಸಿನಲ್ಲಿ ಶರಣಿ ಫ್ರಾಕಿನ ಕಲೆಯನ್ನು ಮುಷ್ಟಿಯಲ್ಲಿ ಮುಚ್ಚಿಕೊಂಡು ಕೂತಿದ್ದಳು. ಆಮೇಲೆ ನನ್ನ ಕಿವಿಯ ಹತ್ತಿರ ಬಂದಳು.

"ಅತ್ತಿ ಅವ್ರಿಗೆ ಏನಂದ್ಲು?"

"ನಮ್ಮ ಮನ್ಯಾಗ ಹಿಂಗ ಮಾಡೂದಿಲ್ರಿ ಅಂದ್ಲು."

"ಮಾಂವ ದಿನಾ ಮಾಡ್ತಾನಲ್ಲ?"

ನಾನು ಕಿಟಕಿಯ ಹೊರಗೆ ನೋಡಿದೆ. ಅವಳು ಇನ್ನೊಂದನ್ನು ಕೇಳಬಹುದು ಎಂದು ಕಾದೆ: ನೀನು ತಲೆ ಯಾಕೆ ಆಡಿಸಿದಿ? ಅದನ್ನು ಕೇಳಲಿಲ್ಲ. ಅವತ್ತೂ ಕೇಳಲಿಲ್ಲ, ಆಮೇಲೂ ಕೇಳಲಿಲ್ಲ.

ಮನೆಗೆ ಬಂದು ಬಾಗಿಲು ಹಾಕಿದ ಕೂಡಲೇ ಜಗಳ. ನಮ್ಮ ಮನೆಯಲ್ಲಿ ಜಗಳವೂ ಪಿಸುಮಾತಿನಲ್ಲೇ ನಡೆಯುತ್ತಿತ್ತು, ಗೋಡೆಗಳು ತೆಳ್ಳಗಿದ್ದವು.

"ಕೂಸಿಗೆ ಹಂಗ ಅನಬಾರದಾಗಿತ್ತು ನೀ. ಎಂದ ಬಿಟ್ಟೀದಿ ನೀನರ ತಾಟ ತೊಳಕೊಂಡು ಕುಡಿಯೂದು?" ಎಂದ ಅಪ್ಪ.

"ನಾ ಅಂದೆ, ಖರೆ. ನೀವ್ಯಾಕ ಬಿಟ್ರಿ ಇವತ್ತ? ತಟ್ಟ್ಯಾಗ ಅನ್ನ ಬಿಟ್ಟು ಎದ್ರಲ್ಲ, ನಾ ನೋಡಿಲ್ಲೇನ್ರಿ?"

ಅಡುಗೆಮನೆಯಲ್ಲಿ ಶರಣಿ ಫ್ರಾಕು ತಿಕ್ಕುತ್ತಿದ್ದಳು, ಬ್ರಶ್ಶಿನ ಸದ್ದು ನಿಂತು, ಮತ್ತೆ ಶುರುವಾಯಿತು. ಸೋಮವಾರ ಬೆಳಿಗ್ಗೆ ರೊಟ್ಟಿಗೆ ಕೂತಾಗ, ಯಾರೂ ಹೇಳದಿದ್ದರೂ, ಕಲ್ಲಿನ ಕೆಳಗೆ ಗೋಣಿಚೀಲ ಹಾಸಿಕೊಂಡಳು.

ಫೋನು ಮುಂದಿನ ಕೋಣೆಯಲ್ಲಿತ್ತು, ಕ್ರೋಶಾ ಬಟ್ಟೆ ಹೊದಿಸಿದ ಸ್ಟೂಲಿನ ಮೇಲೆ. ಆ ಮೂರು ದಿನ ಅದು ರಿಂಗಾದಾಗಲೆಲ್ಲ ಶರಣಿ ಕೈಯಲ್ಲಿದ್ದದ್ದನ್ನು ಹಾಗೇ ಹಿಡಿದು ನಿಲ್ಲುತ್ತಿದ್ದಳು. ಮಂಗಳವಾರ ಮಧ್ಯಾಹ್ನ ರಿಂಗಾಯಿತು. ಅವ್ವ ಮತ್ತು ಶರಣಿ ಬಾಲ್ಕನಿಯಲ್ಲಿ ಪುಂಡಿಪಲ್ಲೆ ಸೋಸುತ್ತಿದ್ದರು, ನಾನು ಎತ್ತಿದೆ. ಮೇಡಂ. ತೆಲುಗಿನಲ್ಲಿ, ಬೇಗ ಬೇಗ, ಆದರೆ ಒಂದೊಂದು ಮಾತೂ ನನಗೆ ತಿಳಿಯುವ ಹಾಗೆ ಹೇಳಿದರು. ಗುರುವಾರ ಬೆಳಿಗ್ಗೆ ಹತ್ತಕ್ಕೆ ಹುಡುಗಿಯನ್ನು ಪರೀಕ್ಷೆಗೆ ಕರೆತರಲು ಅಮ್ಮನಿಗೆ ಹೇಳು. ಭಾನುವಾರದ್ದನ್ನು ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳು, ಅನ್ನ ಚೆಲ್ಲದ ಮಕ್ಕಳು ಈಗ ಎಲ್ಲಿ ಸಿಗುತ್ತಾರೆ ಎಂದು ನಾನೇ ಅಂದೆ ಎಂದು ಹೇಳು. ನಾನು ಸರೇ ಮೇಡಂ ಎಂದು ಫೋನಿಟ್ಟೆ. ಬಟ್ಟೆಯನ್ನು ನೆಟ್ಟಗೆ ಮಾಡಿದೆ.

"ಯಾರವಾ ಅದು?" ಅವ್ವ ಕೂಗಿದಳು.

"ರಾಂಗ್ ನಂಬರು."

ಬಾಲ್ಕನಿಯಿಂದ ಅವ್ವನ ದನಿ, ಪಲ್ಲೆಯ ಕಡ್ಡಿ ಮುರಿಯುತ್ತ.

"ಆ ಮೇಡಂ ಎಲ್ಲಿ ಫೋನ್ ಮಾಡ್ತಾಳ. ಬಿಡವಾ ಶರಣಿ, ನಿನ್ನ ಹಣ್ಯಾಗ ಇಲ್ಲ."

"ಇರ್ಲಿ ಬಿಡಬೇ ಅತ್ತಿ," ಎಂದಳು ಶರಣಿ. ಒಂದೇ ಮಾತು, ಮೆಲ್ಲಗೆ. ಪಟ್ಟಣದ ರೀತಿ ಅಷ್ಟರಲ್ಲಿ ಬಂದುಬಿಟ್ಟಿತ್ತು ಅವಳಿಗೆ.

ಶನಿವಾರ ಅಪ್ಪ ಅವಳನ್ನು ರಾಯಚೂರಿನ ಬಸ್ಸಿಗೆ ಬಿಟ್ಟು ಬಂದ. ಅವ್ವ ನಾಚಿಕೆಯಿಂದ ಮೇಡಂ ಕಡೆ ಮತ್ತೆ ಹೋಗಲಿಲ್ಲ, ಹುಡುಗಿಯನ್ನು ಕಳಿಸಿಕೊಡಲಿಲ್ಲವೆಂದು ಮೇಡಂ ಮನೆಯವರು ನಮ್ಮನ್ನು ಮತ್ತೆ ಕರೆಯಲಿಲ್ಲ. ಅಷ್ಟೇ ಸಲೀಸಾಗಿ ಮುಗಿಯಿತು. ಮಂಚದ ಕೆಳಗೆ ಶರಣಿ ತನ್ನ ಏಳನೇ ಕ್ಲಾಸಿನ ಕನ್ನಡ ಪುಸ್ತಕ ಬಿಟ್ಟು ಹೋಗಿದ್ದಳು. ಇನ್ನು ಬೇಕಾಗುವುದಿಲ್ಲ ಎಂದು ಬಿಟ್ಟಳೋ, ಮರೆತಳೋ. ಅದರ ಮೂಲೆಯಲ್ಲಿ, ಮೊದಲ ಪುಟದಿಂದ ಕೊನೆಯವರೆಗೆ, ಪೆನ್ಸಿಲಿನಲ್ಲಿ ಒಂದು ಇಲಿ. ಹೆಬ್ಬೆರಳಿನಿಂದ ಬಿಟ್ಟೆ. ನಿಂತಿತು, ಬಾಲ ಎತ್ತಿತು, ಓಡಿತು. ನನ್ನದು ಅದರ ಮುಂದೆ ಸತ್ತ ಇಲಿ. ನಾನು ಆ ಪುಸ್ತಕವನ್ನು ಇಟ್ಟುಕೊಂಡೆ, ಪುಟಪುಟ ತಿದ್ದಿ ತಿದ್ದಿ ಅದರಿಂದ ಕಲಿತೆ, ನನ್ನದೆಂದು ಶಾಲೆಯಲ್ಲಿ ತೋರಿಸಿ ಶಭಾಷ್ ಅನಿಸಿಕೊಂಡೆ. ಯಾರ ಬಳಿಯೂ ಕಲಿಯಲಿಲ್ಲ ಎಂದು ಹೇಳಿಕೊಂಡು ತಿರುಗಿದವಳು ನಾನೇ. ಮೂರು ವರ್ಷಕ್ಕೆ ಅವಳ ಮದುವೆಯ ಕಾರ್ಡು ಬಂತು. ಮದುವೆಯ ದಿನ ನನಗೆ ಪರೀಕ್ಷೆ ಇತ್ತು, ಹೋಗಲಿಲ್ಲ. ಅಪ್ಪ ಆ ಭಾನುವಾರದ ಮೇಲೂ ಮನೆಯಲ್ಲಿ ತಾಟು ತೊಳೆದು ಕುಡಿಯುತ್ತಿದ್ದ, ಆದರೆ ಗೋಡೆಯ ಕಡೆ ತಿರುಗಿ, ಬೇಗ ಬೇಗ.

ಈಗ ನಾನು ಇದೇ ಹೈದರಾಬಾದಿನ ಮಿಯಾಪುರದಲ್ಲಿದ್ದೇನೆ. ಅಪ್ಪ ಇಲ್ಲ. ಹೋದ ವರ್ಷ ಕೆಲಸದ ಮೇಲೆ ಮಣಿಕೊಂಡಕ್ಕೆ ಹೋದಾಗ, ಮಧ್ಯಾಹ್ನ ಒಂದು ಗಲ್ಲಿಯಲ್ಲಿ ನಡೆಯುತ್ತಿದ್ದೆ. ಸದ್ದು ಕೇಳಿತು. ರೊಟ್ಟಿ ಬಡಿಯುವ ಸದ್ದು, ಗೋಣಿಚೀಲವಿಲ್ಲದ್ದು, ಇಡೀ ಗಲ್ಲಿಗೆ ಕೇಳುವಂಥದ್ದು. ಕಾಲು ತಾನಾಗಿ ಆ ಕಡೆ ತಿರುಗಿತು. ತಗಡಿನ ಶೀಟು, ಆರು ಮೇಜು, ಕೊರಳಲ್ಲಿ ಕಂಪನಿಯ ಕಾರ್ಡು ನೇತುಹಾಕಿಕೊಂಡ ನಮ್ಮ ಕಡೆಯ ಹುಡುಗರು ಸಾಲಾಗಿ ಕೂತು ಉಣ್ಣುತ್ತಿದ್ದರು. ಒಲೆಯ ಮುಂದೆ ಕೂತವಳು ಮುಖ ಎತ್ತಿದಳು. ದಪ್ಪಗಾಗಿದ್ದಳು. ಕೈ ನಿಲ್ಲಲಿಲ್ಲ.

"ಬರ್ರಿ, ಕುಂದರ್ರಿ. ಸುಮಾ ಅಲ್ಲೇನ್ರಿ ನೀವು?"

ನಾನು ಹೌದೆಂದೆ. ಶರಣಿ ಎಂದು ಕರೆದು ಒಂದು ಮೇಜಿಗೆ ಕೂತೆ.

"ಮಾಂವ ಹ್ವಾದ ಸುದ್ದಿ ಬಂದಿತ್ರಿ. ಅತ್ತಿ ಆರಾಮ ಅದಾರೇನ್ರಿ?"

"ಅದಾಳ. ನೀ ಯಾವಾಗ ಬಂದಿ ಈ ಊರಿಗೆ? ಒಂದ್ ಫೋನರ ಮಾಡಬಾರದೇನ?"

"ಎಂಟ್ ವರ್ಷ ಆತ್ರಿ. ಉಣ್ರಿ ಮೊದಲ, ಆರ್ತೈತಿ."

ತಾಟು ಬಂತು, ಸ್ಟೀಲಿನದು, ಏರಿದ ಅಂಚಿನದು. ರೊಟ್ಟಿ, ಹೆಸರುಕಾಳು ಪಲ್ಲೆ, ಶೇಂಗಾ ಚಟ್ನಿ, ಎಣ್ಣೆ. ಉಣ್ಣುತ್ತ ಉಣ್ಣುತ್ತ ಫೋನಿನ ವಿಷಯ ಹೇಳಬೇಕೆಂದು ವಾಕ್ಯ ಕೂಡಿಸುತ್ತಿದ್ದೆ. ಕೂಡಲಿಲ್ಲ. ಹೇಳಲಾಗದ್ದನ್ನು ಮಾಡಿ ತೋರಿಸಿದರಾಯಿತು ಎಂದುಕೊಂಡೆ. ಇಷ್ಟು ಜನರ ಮುಂದೆ, ಅವಳ ಕಣ್ಣೆದುರು. ಕೊನೆಯ ತುತ್ತು ಮುಗಿಸಿ, ಗ್ಲಾಸು ಎತ್ತಿ, ತಾಟಿಗೆ ನೀರು ಹಾಕಿ, ಬೆರಳಿನಿಂದ ಅಂಚು ಹಿಡಿದು ಒಂದು ಸುತ್ತು ಒರೆಸಿದೆ. ಶರಣಿ ನೋಡುತ್ತಿದ್ದಾಳೆಂದು ಗೊತ್ತಿತ್ತು. ತಾಟು ಎತ್ತುವ ಮೊದಲು ಅವಳ ಕಡೆ ನೋಡಿದೆ, ಒಂದು ಉಸಿರಿನಷ್ಟು.

ಅವಳು ಎದ್ದು ಬಂದಳು. ಎರಡೂ ಕೈಯಿಂದ ತಾಟನ್ನು ನನ್ನ ಮುಂದಿನಿಂದ ತೆಗೆದುಕೊಂಡಳು, ನೀರು ಒಂದು ಹನಿಯೂ ಚೆಲ್ಲದ ಹಾಗೆ.

"ಬಿಡ್ರಿ," ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಗಿರಾಕಿಗಳ ಹತ್ತಿರ ಮಾತಾಡುವ ದನಿ. "ನಮ್ಮ ಮನ್ಯಾಗ ಹಿಂಗ ಮಾಡೂದಿಲ್ರಿ."

ಹಿಂದೆ ಹೋಗಿ ಮೋರಿಗೆ ಚೆಲ್ಲಿದಳು. ವಾಪಸ್ ಬಂದು ಕಲ್ಲಿನ ಮುಂದೆ ಕೂತು, ಹಿಟ್ಟಿನ ಉಂಡೆ ತೆಗೆದುಕೊಂಡು 'ಮುಂದಿನವರು ಬರ್ರಿ' ಎಂದಳು. ಫೋನಿನ ವಿಷಯ ಅವಳಿಗೆ ಇವತ್ತಿಗೂ ಗೊತ್ತಿಲ್ಲ. ಈಗ ನಿಮಗೆ ಗೊತ್ತು.

ನಿಮ್ಮ ಮನೆಗೂ ಹೀಗೆ ಒಬ್ಬರು ಊರಿನಿಂದ ಬಂದು, ಉಳಿಯದೆ ಹೋಗಿರುತ್ತಾರೆ. ಅವರು ನಿಮ್ಮ ಮುಖ ನೋಡಿದಾಗ ನಿಮ್ಮ ಕೈ ಎಲ್ಲಿತ್ತು, ನನಗೆ ಬರೆದು ತಿಳಿಸಿ. ಬಂದು ಹೋದವರು ನೀವೇ ಆಗಿದ್ದರೆ, ದಯವಿಟ್ಟು ನೀವು ಮೊದಲು ಬರೆಯಿರಿ.